ದಾರಿಹೋಕರನ್ನು ನಂಬಿ ಬದುಕಿದವರು



ಬೆಂಗಳೂರು, ಪುಣೆ, ಇನ್ನೂ ದೂರದ ದೇಶಗಳಲ್ಲಿ ನೆಲೆಸಿರುವ ನೀವು ಊರಿಗೆ ಬಂದಾಗಲೆಲ್ಲ ನನ್ನನ್ನು ಕೇಳುವ ಪ್ರಶ್ನೆಯೊಂದಿದೆ. "ಸರ್, ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳಲ್ಲಿ ನೋಡುವಂಥದ್ದು ಇಷ್ಟೊಂದಿದೆ. ಆದರೂ ನಮ್ಮ ಕಡೆ ಪ್ರವಾಸೋದ್ಯಮ ಏಕೆ ಬೆಳೆಯಲಿಲ್ಲ?" ಪ್ರಶ್ನೆ ಸಹಜವಾದುದೇ. ಆದರೆ ಇತಿಹಾಸವನ್ನು ಪಾಠ ಮಾಡಿದವನಾಗಿ ನನಗೆ ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಏಳುತ್ತದೆ. ನಮ್ಮ ಊರುಗಳಿಗೆ ಜನರು ಸಾವಿರ ವರ್ಷಗಳಿಂದ ಬರುತ್ತಲೇ ಇದ್ದಾರೆ. ಹಾಗೆ ಬಂದವರನ್ನು ನಂಬಿ ಬದುಕಿದವರನ್ನು ಆಳುವವರು ಯಾವ ಕಾಲದಲ್ಲಿ ಹೇಗೆ ನೋಡಿಕೊಂಡರು? ಈ ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ಮೊದಲನೆಯದಕ್ಕೆ ಅರ್ಧ ಉತ್ತರ ಸಿಕ್ಕಂತೆಯೇ.

ಪ್ರವಾಸೋದ್ಯಮವೆಂದರೆ ನಮ್ಮ ಕಣ್ಣಮುಂದೆ ಬರುವುದು ದೊಡ್ಡ ಹೋಟೆಲು, ಹವಾನಿಯಂತ್ರಿತ ಬಸ್ಸು, ಬಣ್ಣದ ಜಾಹೀರಾತು. ನಮ್ಮ ಕಡೆಯ ಪ್ರವಾಸೋದ್ಯಮ ಹಾಗಿಲ್ಲ. ಗುಡಿಯ ಎದುರಿನ ಕಾಯಿ-ಕರ್ಪೂರದ ಅಂಗಡಿ, ಬಸ್ ನಿಲ್ದಾಣದ ಪಕ್ಕದ ಖಾನಾವಳಿ, ಮಿರ್ಚಿ-ಗಿರ್ಮಿಟ್ಟಿನ ತಳ್ಳುಗಾಡಿ, ಜಾತ್ರೆಯಿಂದ ಜಾತ್ರೆಗೆ ಗಂಟು ಹೊತ್ತು ಹೋಗುವ ಬಳೆಗಾರ, ಹೆದ್ದಾರಿಯಿಂದ ಹಳ್ಳಿಗೆ ಜನರನ್ನು ಒಯ್ಯುವ ಟಂಟಂ ಗಾಡಿಯವನು, ಸವಣೂರಿನ ಎಲೆಯನ್ನೂ ಖಾರವನ್ನೂ ಪೊಟ್ಟಣ ಕಟ್ಟಿ ಮಾರುವವನು, ಇವರೇ ನಮ್ಮ ಪ್ರವಾಸೋದ್ಯಮಿಗಳು. ಇವರಾರೂ ತಮ್ಮನ್ನು ಆ ಹೆಸರಿನಿಂದ ಕರೆದುಕೊಂಡವರಲ್ಲ. ಸರಕಾರದ ಕಾಗದಪತ್ರಗಳಲ್ಲಿ ಇವರ ಹೆಸರು ಕಾಣದೆ ಹೋಗಲು ಅದೂ ಒಂದು ಕಾರಣ.

ಶಾಸನಗಳು ಕಲಿಸುವ ಪಾಠ

ಹಾನಗಲ್ಲನ್ನು ಶಾಸನಗಳು ಪಾನುಂಗಲ್ ಎಂದು ಕರೆಯುತ್ತವೆ. ಪಾನುಂಗಲ್ ಐನೂರು ಎಂಬುದು ಒಂದು ಆಡಳಿತ ವಿಭಾಗವಾಗಿತ್ತು. ಕಲ್ಯಾಣದ ಚಾಲುಕ್ಯರ ಸಾಮಂತರಾಗಿ ಕದಂಬರ ಒಂದು ಶಾಖೆಯವರು ಇಲ್ಲಿಂದ ಆಳಿದರು. ಇಲ್ಲಿನ ತಾರಕೇಶ್ವರ ದೇವಾಲಯದ ಒಳಮಂಟಪದಲ್ಲಿ ನಿಂತು ತಲೆಯೆತ್ತಿದರೆ ಕಲ್ಲಿನಲ್ಲಿ ಅರಳಿ ತೂಗುವ ಪದ್ಮವೊಂದು ಕಾಣುತ್ತದೆ. ನಿಮ್ಮಲ್ಲಿ ಅನೇಕರು ಅದನ್ನು ನೋಡಿದ್ದೀರಿ.

ಕಟ್ಟಡವನ್ನು ನೋಡಿದವರು ಅದರ ಹಿಂದಿನ ಲೆಕ್ಕಾಚಾರವನ್ನೂ ನೋಡಬೇಕು. ಆ ಕಾಲದ ಕನ್ನಡ ಶಾಸನಗಳಲ್ಲಿ ದಾನದ ಉದ್ದೇಶವನ್ನು ಹೇಳುವಾಗ ಕೆಲವು ಮಾತುಗಳು ಮತ್ತೆ ಮತ್ತೆ ಬರುತ್ತವೆ. ಅಂಗಭೋಗ, ರಂಗಭೋಗ, ಖಂಡಸ್ಫುಟಿತ ಜೀರ್ಣೋದ್ಧಾರ, ಆಹಾರದಾನ. ದೇವರ ನಿತ್ಯಸೇವೆಗೆ ಇಷ್ಟು, ಹಾಡು-ಕುಣಿತದವರಿಗೆ ಇಷ್ಟು, ಒಡೆದುದನ್ನೂ ಬಿರುಕು ಬಿಟ್ಟುದನ್ನೂ ಸರಿಪಡಿಸಲು ಇಷ್ಟು, ಬಂದವರಿಗೆ ಊಟ ಹಾಕಲು ಇಷ್ಟು ಎಂದು ಇವುಗಳ ಸ್ಥೂಲ ಅರ್ಥ. ಇದಕ್ಕೆಲ್ಲ ರಾಜನು ಒಮ್ಮೆ ಹಣದ ಗಂಟು ಕೊಟ್ಟು ಕೈತೊಳೆದುಕೊಳ್ಳುತ್ತಿರಲಿಲ್ಲ. ಇಷ್ಟು ಮತ್ತರು ಗದ್ದೆ, ಇಷ್ಟು ಹೂದೋಟ, ಎಣ್ಣೆಯ ಗಾಣದಿಂದ ದೀಪಕ್ಕೆ ಇಷ್ಟು ಎಣ್ಣೆ, ಸಂತೆಗೆ ಬರುವ ಎಲೆಯ ಹೇರಿನಿಂದ ಇಷ್ಟು ಎಲೆ, ಸುಂಕದ ಇಂತಿಷ್ಟು ಪಾಲು ಎಂದು ವರ್ಷವರ್ಷವೂ ಹುಟ್ಟುವ ಆದಾಯವನ್ನು ಬಿಟ್ಟುಕೊಡುತ್ತಿದ್ದನು. ಹೂ ಕಟ್ಟುವವನಿಗೂ ಮದ್ದಳೆ ಬಾರಿಸುವವನಿಗೂ ಪಾಲು ಹೇಳಿದ ಶಾಸನಗಳುಂಟು. ಈ ಏರ್ಪಾಡನ್ನು ಕೆಡಿಸಿದವನಿಗೆ ತಟ್ಟುವ ಪಾಪವನ್ನು ಕೊನೆಯಲ್ಲಿ ಹೇಳಿ ಮುಗಿಸುತ್ತಿದ್ದರು.

ಇದನ್ನು ಸುವರ್ಣಯುಗವೆಂದು ಹೊಗಳುವುದು ನನ್ನ ಉದ್ದೇಶವಲ್ಲ. ಆ ಪಾಲು ಕೊನೆಗೆ ಬರುತ್ತಿದ್ದುದು ಒಕ್ಕಲಿಗನ ಬೆವರಿನಿಂದಲೇ. ಛತ್ರದ ಪಂಕ್ತಿಯಲ್ಲಿ ಎಲ್ಲರಿಗೂ ಎಲೆ ಬೀಳುತ್ತಿರಲಿಲ್ಲ. ಆದರೂ ಅಂದಿನವರಿಗೆ ಒಂದು ವಿಷಯ ಚೆನ್ನಾಗಿ ತಿಳಿದಿತ್ತು. ಗುಡಿ ಕಟ್ಟುವುದು ಒಂದು ಖರ್ಚು, ಗುಡಿಯನ್ನು ನಡೆಸುವುದು ಇನ್ನೊಂದು ಖರ್ಚು. ಎರಡನೆಯದಕ್ಕೆ ದಾರಿ ಮಾಡದೆ ಮೊದಲನೆಯದಕ್ಕೆ ಕೈಹಾಕಬಾರದು. ಈ ಒಂದು ಮಾತನ್ನು ಗಂಟುಹಾಕಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜನರು ದೇವರಿಗಾಗಿ ಮಾತ್ರ ಬರುತ್ತಿದ್ದರೆಂದೂ ತಿಳಿಯಬೇಡಿ. ಇಂದಿನ ಶಿಗ್ಗಾಂವಿ ತಾಲೂಕಿನ ಬಂಕಾಪುರ ರಾಷ್ಟ್ರಕೂಟರ ಕಾಲದಿಂದಲೂ ವಿದ್ಯೆಯ ಊರು. ಅಮೋಘವರ್ಷನ ಸೇನಾನಿ ಬಂಕೇಯನಿಂದ ಆ ಊರಿಗೆ ಹೆಸರು ಬಂದಿತು. ಗುಣಭದ್ರನ ಉತ್ತರಪುರಾಣಕ್ಕೆ 898ರಲ್ಲಿ ಪೂಜೆ ನಡೆದುದು ಅಲ್ಲಿಯೇ. ಬಳೆಗಾರರ ಮನೆಯ ಹುಡುಗ ರನ್ನನು ಮುಧೋಳದಿಂದ ಅಜಿತಸೇನಾಚಾರ್ಯರನ್ನು ಹುಡುಕಿಕೊಂಡು ಬಂಕಾಪುರಕ್ಕೆ ಬಂದನೆಂಬ ಪರಂಪರೆಯ ಮಾತನ್ನು ನಿಮಗೆ ಒಂಬತ್ತನೆಯ ತರಗತಿಯಲ್ಲಿ ಹೇಳಿದ್ದೇನೆ. ಓದಲು ಬಂದವನಿಗೂ ಅನ್ನ ಬೇಕು, ಮಲಗಲು ಜಗಲಿ ಬೇಕು. ಅವನ್ನು ಒದಗಿಸಿದವರ ಹೆಸರನ್ನು ಯಾವ ಕವಿಯೂ ಬರೆದಿಡಲಿಲ್ಲ.

ಒಂದಾಣೆಯ ಕತೆ

ನಂತರದ ಶತಮಾನಗಳಲ್ಲಿ ಆಳುವವರು ಬದಲಾದರು. ಸವಣೂರು ನವಾಬರ ರಾಜಧಾನಿಯಾಯಿತು. ಇಂಗ್ಲಿಷರ ಕಾಲದಲ್ಲಿಯೂ ಅದು ಚಿಕ್ಕ ಸಂಸ್ಥಾನವಾಗಿ ಉಳಿದು, 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಉಳಿದ ಮೂರು ತಾಲೂಕುಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದವು. ಹಾನಗಲ್ಲಿಗೆ ಅದೇ ಹೆಸರು. ಶಿಗ್ಗಾಂವಿ ಕೇಂದ್ರವಾಗಿದ್ದ ತಾಲೂಕಿಗೆ ಬಂಕಾಪುರ ತಾಲೂಕೆಂದೂ, ಹಿರೇಕೆರೂರು ಕೇಂದ್ರವಾಗಿದ್ದ ತಾಲೂಕಿಗೆ ಕೋಡ ತಾಲೂಕೆಂದೂ ಹೆಸರು. 1884ರಲ್ಲಿ ಪ್ರಕಟವಾದ ಧಾರವಾಡ ಜಿಲ್ಲೆಯ ಗ್ಯಾಝೆಟಿಯರನ್ನು ತೆರೆದು ಶಿಗ್ಗಾಂವಿ ತಾಲೂಕು, ಹಿರೇಕೆರೂರು ತಾಲೂಕು ಎಂದು ಹುಡುಕುವವರು ಈ ಹಳೆಯ ಹೆಸರುಗಳನ್ನು ನೆನಪಿಡಬೇಕು.

ಈ ಕಾಲದಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾದುದು 1869ರ ಮುಂಬಯಿ ಸ್ಥಳೀಯ ನಿಧಿ ಕಾಯಿದೆ. ಭೂಕಂದಾಯದ ಪ್ರತಿಯೊಂದು ರೂಪಾಯಿಯ ಮೇಲೆ ಒಂದಾಣೆಯ ಪಟ್ಟಿ ಎತ್ತಲಾಯಿತು. ಅದರಲ್ಲಿ ಸುಮಾರು ಮೂರನೆಯ ಎರಡು ಪಾಲು ರಸ್ತೆ ಮೊದಲಾದ ಕೆಲಸಗಳಿಗೆ, ಮೂರನೆಯ ಒಂದು ಪಾಲು ಶಾಲೆಗಳಿಗೆ ಸಲ್ಲಬೇಕಾಗಿತ್ತು. ಹಳ್ಳಿಯ ಕನ್ನಡ ಶಾಲೆ, ಗಿಡ ನೆಟ್ಟ ರಸ್ತೆ, ಬಾವಿ, ಧರ್ಮಶಾಲೆ ಇವೆಲ್ಲ ಈ ಒಂದಾಣೆಯ ಕೂಸುಗಳು. ಸಾಹೇಬರಿಗೆ ಬಂಗಲೆ, ಜನಸಾಮಾನ್ಯರಿಗೆ ಧರ್ಮಶಾಲೆ ಎಂಬ ಭೇದವಂತೂ ಇದ್ದೇ ಇತ್ತು. ಆದರೆ ಧರ್ಮಶಾಲೆಯ ಕಟ್ಟೆಯಲ್ಲಿ ಜನರು ರಾತ್ರಿ ತಂಗಿದಾಗ ಪಕ್ಕದಲ್ಲಿ ಚುರುಮುರಿಯ ಅಂಗಡಿಯೊಂದು ಹುಟ್ಟಿತು, ಎತ್ತಿಗೆ ಹುಲ್ಲು ಮಾರುವವನು ಬಂದನು, ರೊಟ್ಟಿ ಬಡಿದು ಕೊಡುವ ಹೆಂಗಸಿಗೆ ನಾಲ್ಕು ಕಾಸು ಸಿಕ್ಕಿತು. ಸರಕಾರ ಅವರಾರಿಗೂ ಸಾಲ ಕೊಡಲಿಲ್ಲ. ದಾರಿಹೋಕನು ನಿಲ್ಲುವುದಕ್ಕೆ ನೆರಳನ್ನೂ ನೀರನ್ನೂ ಒದಗಿಸಿತು, ಉಳಿದುದನ್ನು ಜನರು ತಾವೇ ಮಾಡಿಕೊಂಡರು.

ಅದೇ ಶತಮಾನದ ಕೊನೆಯ ದಶಕಗಳಲ್ಲಿ ಹುಬ್ಬಳ್ಳಿ-ಹರಿಹರ ರೈಲುಮಾರ್ಗ ಬಂದಿತು. ಅದು ಯಲವಿಗಿ, ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳನ್ನು ಮುಟ್ಟಿಕೊಂಡು ಹೋಯಿತು. ಸವಣೂರು ಸೀಮೆಗೆ ಅದರ ಅಂಚು ತಾಗಿತು. ಶಿಗ್ಗಾಂವಿ, ಹಾನಗಲ್ಲ, ಹಿರೇಕೆರೂರು ಪಟ್ಟಣಗಳು ಹಳಿಯಿಂದ ದೂರ ಉಳಿದವು. ಹಳಿಯ ಮೇಲಿನ ಊರುಗಳ ಪೇಟೆಗಳು ಬೆಳೆದವು, ಹಳಿಯಿಂದ ದೂರದವು ನಿಂತಲ್ಲಿಯೇ ನಿಂತವು. ದಾರಿಯನ್ನು ನಂಬಿದವರ ಭಾಗ್ಯ ದಾರಿ ಹೊರಳಿದಂತೆ ಹೊರಳುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ನೋಡಲು ಏನೇನಿದೆ, ನಿಲ್ಲಲು ಏನಿದೆ

1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1971ರಲ್ಲಿ ರಾಜ್ಯದ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ಹುಟ್ಟಿತು. 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಹಾವೇರಿ ಜಿಲ್ಲೆಯಾಯಿತು. ಈ ಅವಧಿಯ ಬಹುಕಾಲ ನಮ್ಮ ಶಾಲೆಗಳ ಮಕ್ಕಳ ಪ್ರವಾಸವೆಂದರೆ ಜೋಗ, ಬೇಲೂರು, ಹಳೇಬೀಡು, ಹಂಪೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮ ಸ್ಮಾರಕಗಳ ಮಟ್ಟಿಗೆ ಅಕ್ಷರಶಃ ಸತ್ಯವಾಯಿತು.

ಹಿತ್ತಲಲ್ಲಿ ಏನಿದೆ ನೋಡಿ. ಶಿಗ್ಗಾಂವಿ ತಾಲೂಕಿನಲ್ಲಿ ಕನಕದಾಸರ ಹುಟ್ಟೂರು ಬಾಡ, ಸಂತ ಶಿಶುನಾಳ ಶರೀಫರ ಶಿಶುನಾಳ, ಬಂಕಾಪುರದ ಕೋಟೆಯೊಳಗಿನ ನಗರೇಶ್ವರ ಅಂದರೆ ನಮ್ಮ ಜನರ ಅರವತ್ತು ಕಂಬದ ಗುಡಿ, ಅದೇ ಕೋಟೆಯ ಆವರಣದಲ್ಲಿ 2006ರಲ್ಲಿ ಘೋಷಿತವಾದ ನವಿಲುಧಾಮ. ಸವಣೂರಿನಲ್ಲಿ ನವಾಬರ ಕಾಲದ ಕುರುಹುಗಳು, ಸತ್ಯಬೋಧ ಸ್ವಾಮಿಗಳ ಮಠ, ದೊಡ್ಡಹುಣಸೆ ಕಲ್ಮಠದ ಆ ಮಹಾವೃಕ್ಷಗಳು. ಮೂರು ಮರಗಳಲ್ಲಿ ಒಂದು 2024ರ ಮಳೆಗಾಲದಲ್ಲಿ ಬುಡಮೇಲಾದಾಗ ಅದನ್ನು ಎತ್ತಿ ಮತ್ತೆ ನೆಡುವ ಪ್ರಯತ್ನ ನಡೆದುದನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. ಹಾನಗಲ್ಲಿನಲ್ಲಿ ತಾರಕೇಶ್ವರ, ಕುಮಾರ ಶಿವಯೋಗಿಗಳ ವಿರಕ್ತಮಠ, ತಾಲೂಕಿನ ತಿಳವಳ್ಳಿಯ ಶಾಂತೇಶ್ವರ, ನರೇಗಲ್ಲಿನ ಸರ್ವೇಶ್ವರ. ಹಳೆಯ ಹಿರೇಕೆರೂರು ತಾಲೂಕಿನಲ್ಲಿ ಏಕಾಂತ ರಾಮಯ್ಯನ ಕತೆಯನ್ನು ಕಲ್ಲಿನಲ್ಲಿ ಕಂಡರಿಸಿದ ಅಬಲೂರು, ಸರ್ವಜ್ಞನ ನೆನಪಿನ ಮಾಸೂರು, ಮದಗದ ಕೆರೆ, ಈಗ ಪ್ರತ್ಯೇಕ ತಾಲೂಕಾಗಿರುವ ರಟ್ಟೀಹಳ್ಳಿಯ ಕದಂಬೇಶ್ವರ.

ಇಷ್ಟಿದ್ದೂ ಒಂದು ರಾತ್ರಿ ನಿಲ್ಲುವ ಪ್ರವಾಸಿ ವಿರಳ. ಹುಬ್ಬಳ್ಳಿಯಿಂದ ಬೆಳಿಗ್ಗೆ ಹೊರಟವನು ಎರಡು ಊರು ನೋಡಿ ಸಂಜೆಗೆ ಹುಬ್ಬಳ್ಳಿಯನ್ನೇ ಸೇರುತ್ತಾನೆ. ಅವನಿಂದ ನಮ್ಮವರಿಗೆ ದಕ್ಕುವುದು ಒಂದು ಚಹಾ, ಒಂದು ಕಾಯಿ. ರಾತ್ರಿ ತಂಗಿದರೆ ಎರಡು ಊಟ, ಒಂದು ಕೋಣೆ, ಒಂದು ಗಾಡಿಯ ಬಾಡಿಗೆ, ಮರುದಿನದ ಉಪಾಹಾರ. ಚಿಕ್ಕ ವ್ಯಾಪಾರಿಯ ಲೆಕ್ಕದಲ್ಲಿ ಹಗಲಿನ ಹತ್ತು ಪ್ರವಾಸಿಗರಿಗೆ ರಾತ್ರಿಯ ಒಬ್ಬ ಪ್ರವಾಸಿ ಸಮ.

ನಾನು ಸೇವೆಯಲ್ಲಿದ್ದಾಗ ಒಮ್ಮೆ ಐವತ್ತಕ್ಕೂ ಹೆಚ್ಚು ಮಕ್ಕಳನ್ನು ಒಂದೇ ದಿನ ಬಂಕಾಪುರಕ್ಕೂ ಹಾನಗಲ್ಲಿಗೂ ಕರೆದೊಯ್ದಿದ್ದೆ. ಕಂಬಗಳನ್ನು ಎಣಿಸಿದರು, ನವಿಲಿನ ಕೂಗು ಕೇಳಿ ಕುಣಿದರು. ಮಧ್ಯಾಹ್ನದ ಹೊತ್ತಿಗೆ ಹೆಣ್ಣುಮಕ್ಕಳು ಶೌಚಾಲಯ ಕೇಳತೊಡಗಿದರು. ಸಮೀಪದಲ್ಲಿ ಎಲ್ಲಿಯೂ ಇರಲಿಲ್ಲ. ಖಾನಾವಳಿ ನಡೆಸುತ್ತಿದ್ದ ತಾಯಿಯೊಬ್ಬಳು ತನ್ನ ಮನೆಯ ಬಾಗಿಲು ತೆರೆದಳು, ಬಿಂದಿಗೆಯಲ್ಲಿ ನೀರು ಕೊಟ್ಟಳು, ದುಡ್ಡು ಕೊಡಹೋದರೆ ಮುಟ್ಟಲಿಲ್ಲ. "ಕೂಸುಗಳ ಕಡೆಯಿಂದ ರೊಕ್ಕಾ ತಗೋತಾರೇನ್ರಿ ಮಾಸ್ತರ?" ಎಂದಳು. ಪ್ರವಾಸೋದ್ಯಮ ಇಲಾಖೆ ಮಾಡಬೇಕಾದ ಕೆಲಸವನ್ನು ಆ ದಿನ ಆಕೆ ಮಾಡಿದಳು. ಆ ಖಾನಾವಳಿ ಈಗಿಲ್ಲ.

ಕಟ್ಟಡಗಳ ಕಾಲ

ಸರಕಾರ ಸುಮ್ಮನೆ ಕುಳಿತಿತೆಂದು ಹೇಳಿದರೆ ಅನ್ಯಾಯವಾದೀತು. ಕಾಗಿನೆಲೆ ಅಭಿವೃದ್ಧಿ ಪ್ರಾಧಿಕಾರದ ಮೂಲಕ ಬಾಡದಲ್ಲಿ ಕನಕದಾಸರ ಅರಮನೆಯ ಮಾದರಿಯ ಭವ್ಯ ಕಟ್ಟಡ ಎದ್ದು ನಿಂತಿದೆ. ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪಿತವಾದ ಜಾನಪದ ವಿಶ್ವವಿದ್ಯಾಲಯವಿದೆ. ಅದೇ ಗೊಟಗೋಡಿಯಲ್ಲಿ ಹೆದ್ದಾರಿಯ ಮಗ್ಗುಲಿಗೆ ದಿವಂಗತ ಕಲಾವಿದ ಟಿ. ಬಿ. ಸೊಲಬಕ್ಕನವರು ಕಟ್ಟಿ ಬೆಳೆಸಿದ ಉತ್ಸವ ರಾಕ್ ಗಾರ್ಡನ್ ಇದೆ. ರೊಟ್ಟಿ ಬಡಿಯುವ ಅವ್ವ, ಕುಂಟಾಬಿಲ್ಲೆ ಆಡುವ ಮಕ್ಕಳು, ಕಣದಲ್ಲಿ ದುಡಿಯುವ ರೈತ, ನಮ್ಮದೇ ಬದುಕನ್ನು ಪ್ರತಿಮೆಗಳಲ್ಲಿ ನಿಲ್ಲಿಸಿ ಟಿಕೇಟು ಕೊಂಡು ನೋಡುವಂತೆ ಮಾಡಿದ ಕಲಾವಿದರು ಅವರು. ಶಾಲಾಮಕ್ಕಳ ಬಸ್ಸುಗಳು ಅಲ್ಲಿ ಸಾಲುಗಟ್ಟಿ ನಿಲ್ಲುತ್ತವೆ.

ಕೆಲವೊಮ್ಮೆ ಯಾವ ಯೋಜನೆಯೂ ಮಾಡದುದನ್ನು ಒಂದು ಹಾಡು ಮಾಡುತ್ತದೆ. ಸಿ. ಅಶ್ವಥ್ ಅವರ ಕಂಠದಲ್ಲಿ ಶರೀಫರ ತತ್ತ್ವಪದಗಳು ನಾಡಿನ ಮನೆಮನೆ ಸೇರಿದವು. 1990ರಲ್ಲಿ ಟಿ. ಎಸ್. ನಾಗಾಭರಣ ಅವರ ನಿರ್ದೇಶನದ 'ಸಂತ ಶಿಶುನಾಳ ಶರೀಫ' ಚಲನಚಿತ್ರ ಬಂದ ಮೇಲೆ ಶಿಶುನಾಳದ ಹೆಸರು ಇನ್ನೂ ದೂರ ಹಬ್ಬಿತು. 1819ರಲ್ಲಿ ಹುಟ್ಟಿ 1889ರಲ್ಲಿ ಗತಿಸಿದ ಆ ಸಂತನ ಗದ್ದುಗೆಗೆ ಹಿಂದೂ-ಮುಸ್ಲಿಮರಿಬ್ಬರೂ ಕಾಯಿ ಒಡೆಸಲು, ಸಕ್ಕರೆ ಓದಿಸಲು ಬರುತ್ತಾರೆ. ಕಾಯಿಯ ಅಂಗಡಿಯವನಿಗೆ ಬಂದವರ ಜಾತಿ ಬೇಕಿಲ್ಲ, ಬಂದರೆ ಸಾಕು.

ಆದರೆ ಕಟ್ಟಡಗಳ ಕಾಲಕ್ಕೆ ಒಂದು ಕೊರತೆಯಿದೆ. ಅಡಿಗಲ್ಲಿಗೂ ಉದ್ಘಾಟನೆಗೂ ಹಣ ಹುಟ್ಟುತ್ತದೆ. ಕಸ ಗುಡಿಸುವುದಕ್ಕೆ, ನಲ್ಲಿಯ ವಾಷರು ಬದಲಿಸುವುದಕ್ಕೆ, ದೀಪದ ಬಿಲ್ಲು ಕಟ್ಟುವುದಕ್ಕೆ ಹುಟ್ಟುವುದು ಕಷ್ಟ. ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಮತ್ತರು ಗದ್ದೆ ಬಿಟ್ಟ ಶಾಸನದ ವಿವೇಕ ನಮ್ಮ ಯೋಜನಾ ವರದಿಗಳಲ್ಲಿ ಕಾಣಸಿಗುವುದು ಅಪರೂಪ.

ಇನ್ನೊಂದು ಬಿಕ್ಕಟ್ಟು ಕಾನೂನಿನದು. ತಾರಕೇಶ್ವರ, ನಗರೇಶ್ವರ, ಕದಂಬೇಶ್ವರಗಳು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. 2010ರಲ್ಲಿ ತಿದ್ದುಪಡಿಯಾದ ಕಾಯಿದೆಯಂತೆ ಇಂಥ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರಿನವರೆಗೆ ಅನುಮತಿ ಬೇಕು. ಸ್ಮಾರಕ ಉಳಿಯಬೇಕಾದರೆ ಇಂಥ ಬಿಗಿ ಬೇಕೇ ಬೇಕು. ಆದರೆ ಗುಡಿಯ ನೆರಳಲ್ಲಿ ತಲೆಮಾರುಗಳಿಂದ ಅಂಗಡಿ ಇಟ್ಟವನು ಎಲ್ಲಿಗೆ ಹೋಗಬೇಕೆಂಬುದನ್ನೂ ಅಷ್ಟೇ ಬಿಗಿಯಾಗಿ ಬರೆದಿಡಬೇಕಲ್ಲವೇ? 2011ರಲ್ಲಿ ಹಂಪೆಯ ವಿರೂಪಾಕ್ಷ ಬಜಾರಿನ ಮಂಟಪಗಳಿಂದ ಅಂಗಡಿಗಳನ್ನೂ ಮನೆಗಳನ್ನೂ ತೆರವುಗೊಳಿಸಿದಾಗ ಇಡೀ ನಾಡು ನೋಡಿತು. ಕಲ್ಲು ಉಳಿಯಿತು, ಅದರ ಆಸರೆಯಲ್ಲಿದ್ದವರು ವರುಷಗಟ್ಟಲೆ ಅಲೆದರು. ನಮ್ಮ ಊರುಗಳಲ್ಲಿ ಹಾಗಾಗುವ ಮೊದಲೇ ಯೋಚಿಸುವುದು ಲೇಸು.

ಪಟ್ಟಿಯಲ್ಲಿ ಹೆಸರಿಲ್ಲದವರು

ಸರಕಾರದ ನೆರವು ಯಾರನ್ನು ಮುಟ್ಟುತ್ತದೆ, ಯಾರನ್ನು ಮುಟ್ಟುವುದಿಲ್ಲ ಎಂಬುದು ನಿಚ್ಚಳವಾಗಿ ಕಂಡುದು ಕೊರೊನಾ ಕಾಲದಲ್ಲಿ. 2020ರಲ್ಲಿಯೂ 2021ರಲ್ಲಿಯೂ ಜಾತ್ರೆಗಳು ನಿಂತವು, ಗುಡಿಗಳ ಬಾಗಿಲು ಮುಚ್ಚಿತು. ರಾಜ್ಯ ಸರಕಾರ 2020ರ ಮೇ ತಿಂಗಳಲ್ಲಿ ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ ಘೋಷಿಸಿತು. ಮರುವರ್ಷ ಚಾಲಕರಿಗೆ 3,000, ಬೀದಿ ವ್ಯಾಪಾರಿಗಳಿಗೆ 2,000 ರೂಪಾಯಿಯ ನೆರವು ಬಂದಿತು. ಕೇಂದ್ರ ಸರಕಾರ 2020ರ ಜೂನ್ ತಿಂಗಳಲ್ಲಿ ಸ್ವನಿಧಿ ಯೋಜನೆಯನ್ನು ತಂದು ಬೀದಿ ವ್ಯಾಪಾರಿಗಳಿಗೆ ಒತ್ತೆಯಿಲ್ಲದೆ 10,000 ರೂಪಾಯಿ ಸಾಲ ಕೊಡಿಸಿತು. 2021ರ ಜೂನ್‌ನಲ್ಲಿ ಪ್ರವಾಸಿ ಸಂಸ್ಥೆಗಳಿಗೆ 10 ಲಕ್ಷ, ಮಾನ್ಯತೆ ಪಡೆದ ಮಾರ್ಗದರ್ಶಿಗಳಿಗೆ 1 ಲಕ್ಷ ರೂಪಾಯಿಯವರೆಗಿನ ಸಾಲಕ್ಕೆ ತಾನೇ ಜಾಮೀನು ನಿಲ್ಲುವುದಾಗಿ ಹೇಳಿತು.

ಇವೆಲ್ಲ ಒಳ್ಳೆಯ ಯೋಜನೆಗಳೇ. ಆದರೆ ಪ್ರತಿಯೊಂದರ ಬಾಗಿಲಲ್ಲಿಯೂ ಒಂದು ಪಟ್ಟಿ ಇತ್ತು. ಮಾರ್ಗದರ್ಶಿಯ ಸಾಲಕ್ಕೆ ಇಲಾಖೆಯ ಮಾನ್ಯತೆ ಬೇಕು. ಅರ್ಧಶತಮಾನದಿಂದ ಗುಡಿಯ ಕತೆ ಹೇಳುತ್ತ ಬಂದ ಮುದುಕನಿಗೆ ಯಾವ ಮಾನ್ಯತೆ? ಸ್ವನಿಧಿ ಮೂಲತಃ ಪಟ್ಟಣದ ಬೀದಿ ವ್ಯಾಪಾರಿಗಾಗಿ ರೂಪಿಸಿದ ಯೋಜನೆ. ಹಾನಗಲ್ಲ, ಸವಣೂರು, ಶಿಗ್ಗಾಂವಿ, ಬಂಕಾಪುರ, ಹಿರೇಕೆರೂರುಗಳಲ್ಲಿ ಪಟ್ಟಣದ ಸ್ಥಳೀಯ ಸಂಸ್ಥೆಗಳಿವೆ, ಅಲ್ಲಿ ಸಮೀಕ್ಷೆಯಲ್ಲಿ ಹೆಸರು ಬಂದವನಿಗೆ ಸಾಲ ದಕ್ಕಿತು. ಶಿಶುನಾಳ, ಬಾಡ, ಅಬಲೂರುಗಳು ಹಳ್ಳಿಗಳು. ಅಲ್ಲಿಯ ಗುಡಿಯ ಮುಂದೆ ಕುಳಿತವನು ಪಟ್ಟಣದ ವ್ಯಾಪಾರಿಯೂ ಅಲ್ಲ, ರೈತನೂ ಅಲ್ಲ, ನೇಕಾರನೂ ಅಲ್ಲ. ಅವನು ಯಾವ ಖಾನೆಯೊಳಗೂ ಕೂಡುವುದಿಲ್ಲ.

ಜಾತ್ರೆಯಿಂದ ಜಾತ್ರೆಗೆ ಬಳೆ ಹೊತ್ತು ಹೋಗುತ್ತಿದ್ದ ಕುಟುಂಬವೊಂದನ್ನು ನಾನು ಹತ್ತಿರದಿಂದ ಬಲ್ಲೆ. ಮನೆಯ ಮಗ ನನ್ನ ವಿದ್ಯಾರ್ಥಿ. ಎರಡು ವರ್ಷ ಜಾತ್ರೆಗಳಿಲ್ಲದೆ ಹೋದಾಗ ಅವರ ಬಂಡವಾಳವೆಲ್ಲ ಹೊಟ್ಟೆಗೆ ಹೋಯಿತು. ಪಡಿತರದ ಅಕ್ಕಿ ಬಂದಿತು, ಜೀವ ಉಳಿಯಿತು, ಕಸುಬು ಉಳಿಯಲಿಲ್ಲ. ಹುಡುಗನು ಹುಬ್ಬಳ್ಳಿಯ ಗೋದಾಮೊಂದರಲ್ಲಿ ಪೊಟ್ಟಣ ಅಂಟಿಸುವ ಕೆಲಸಕ್ಕೆ ಸೇರಿದನು. ಅವನ ತಾಯಿಗೆ ಕೈಯ ಅಳತೆಯನ್ನು ಕಣ್ಣಿನಲ್ಲಿಯೇ ಹಿಡಿದು, ನೋವಾಗದಂತೆ ಬಳೆ ಏರಿಸುವ ವಿದ್ಯೆ ಒಲಿದಿತ್ತು. ಅದು ಅವಳೊಂದಿಗೇ ಮುಗಿಯುತ್ತದೆ. ನೆರವು ಎರಡು ಬಗೆಯದು. ಜೀವ ಉಳಿಸುವುದು ಒಂದು, ಕಸುಬು ಉಳಿಸುವುದು ಇನ್ನೊಂದು. ಮೊದಲನೆಯದನ್ನು ನಮ್ಮ ಸರಕಾರಗಳು ಕಲಿತಿವೆ, ಎರಡನೆಯದನ್ನು ಇನ್ನೂ ಕಲಿಯಬೇಕಾಗಿದೆ.

ಆ ಮೇಲಿನ ವರ್ಷಗಳಲ್ಲಿ ಕೆಲವು ಬದಲಾವಣೆಗಳಾಗಿವೆ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ವಿಶ್ವಕರ್ಮ ಯೋಜನೆ ಹದಿನೆಂಟು ಕಸುಬುಗಳನ್ನು ಗುರುತಿಸಿ, ಮೊದಲು 1 ಲಕ್ಷ, ನಂತರ 2 ಲಕ್ಷ ರೂಪಾಯಿಯ ಸಾಲವನ್ನು ಶೇಕಡಾ 5ರ ಬಡ್ಡಿಗೆ ಕೊಡುತ್ತದೆ. ಕುಂಬಾರರು, ಹೂಮಾಲೆ ಕಟ್ಟುವವರು, ಗೊಂಬೆ ಮಾಡುವವರು ಅದರಲ್ಲಿದ್ದಾರೆ. 2025ರಲ್ಲಿ ಸ್ವನಿಧಿಯ ಮೊದಲ ಕಂತನ್ನು 15,000 ರೂಪಾಯಿಗೆ ಏರಿಸಿ, ಪಟ್ಟಣದ ಅಂಚಿನ ಊರುಗಳಿಗೂ ವಿಸ್ತರಿಸುವುದಾಗಿ ಹೇಳಿದ್ದಾರೆ. ದಿನಬಾಡಿಗೆ 1,000 ರೂಪಾಯಿಯೊಳಗಿನ ಕೋಣೆಗಳ ಮೇಲೆ 2022ರ ಜುಲೈಯಲ್ಲಿ ಶೇಕಡಾ 12ರ ತೆರಿಗೆ ಬಿದ್ದಿತ್ತು. 2025ರ ಸೆಪ್ಟೆಂಬರಿನಲ್ಲಿ ಅದು ಶೇಕಡಾ 5ಕ್ಕೆ ಇಳಿಯಿತು. ಪಟ್ಟಿ ನಿಧಾನವಾಗಿ ಅಗಲವಾಗುತ್ತಿದೆ ಎಂಬುದು ಸಮಾಧಾನದ ಸಂಗತಿ.

ಬಸ್ಸು ತಂದ ಭಾಗ್ಯ

ಇಷ್ಟರ ನಡುವೆ, ಪ್ರವಾಸೋದ್ಯಮಕ್ಕೆಂದು ಮಾಡದ ಯೋಜನೆಯೊಂದು ನಮ್ಮ ಚಿಕ್ಕ ವ್ಯಾಪಾರಿಗಳಿಗೆ ದೊಡ್ಡ ಆಸರೆಯಾದುದು ಇತಿಹಾಸದ ವಿನೋದ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರಕಿತು. 2025ರ ಜುಲೈ ಹೊತ್ತಿಗೆ ರಾಜ್ಯದಲ್ಲಿ 500 ಕೋಟಿ ಉಚಿತ ಪ್ರಯಾಣಗಳಾದವು. ಜೀವಮಾನವೆಲ್ಲ ಹೊಲ-ಮನೆಯಲ್ಲಿ ಕಳೆದ ಅಜ್ಜಿಯರು ಗೆಳತಿಯರನ್ನು ಕಟ್ಟಿಕೊಂಡು ಅಮಾವಾಸ್ಯೆ-ಹುಣ್ಣಿಮೆಗೆ ದೇವರಿಗೆ ಹೊರಟರು. ಬಸ್ಸಿನ ದುಡ್ಡು ಉಳಿದುದರಿಂದ ಒಂದು ಕಾಯಿ, ಮೊಮ್ಮಗಳಿಗೆ ಒಂದು ಡಜನ್ ಬಳೆ, ಒಂದು ತಟ್ಟೆ ಮಿರ್ಚಿ ಹೆಚ್ಚಾಗಿ ಮಾರಾಟವಾಯಿತು. ಯೋಜನೆಯ ಖರ್ಚಿನ ಬಗೆಗೆ ಬೇರೆ ಬೇರೆ ಅಭಿಪ್ರಾಯಗಳಿರಬಹುದು. ಇದರಿಂದ ಖಾಸಗಿ ವಾಹನದವರಿಗೆ ಪೆಟ್ಟು ಬಿದ್ದುದೂ ನಿಜ. 2023ರ ಸೆಪ್ಟೆಂಬರಿನಲ್ಲಿ ಅವರು ಬೆಂಗಳೂರಿನಲ್ಲಿ ಬಂದ್ ಆಚರಿಸಿದರು. ನಮ್ಮ ಟಂಟಂ ಗಾಡಿಯವರ ಅಳಲೂ ಅದೇ. ಒಂದು ಕೈಗೆ ಕೊಟ್ಟುದು ಇನ್ನೊಂದು ಕೈಯಿಂದ ಬಂದುದಾಗಿರಬಾರದು ಎಂಬ ಎಚ್ಚರ ಬೇಕು.

ಆದರೂ ಇಲ್ಲಿರುವ ಪಾಠ ಆ ಒಂದಾಣೆಯ ಕಾಲದ್ದೇ. ಅಂಗಡಿಯವನಿಗೆ ಸಾಲ ಕೊಟ್ಟು ಗಿರಾಕಿಯನ್ನು ಕೊಡದಿದ್ದರೆ ಸಾಲ ಹೊರೆಯಾಗುತ್ತದೆ. ಗಿರಾಕಿಯನ್ನು ಅಂಗಡಿಯ ತನಕ ತಂದುಬಿಟ್ಟರೆ ಸಾಲವಿಲ್ಲದೆಯೂ ಅಂಗಡಿ ನಡೆಯುತ್ತದೆ.

ಜಪಾನ್ ದೇಶದಲ್ಲಿ 1993ರಲ್ಲಿ 'ಮಿಚಿ ನೋ ಎಕಿ' ಅಂದರೆ ರಸ್ತೆಬದಿಯ ನಿಲ್ದಾಣ ಎಂಬ ಏರ್ಪಾಡು ಆರಂಭವಾಯಿತು. ಹಗಲಿರುಳೂ ತೆರೆದ ಶೌಚಾಲಯ, ವಾಹನ ನಿಲ್ಲಿಸಲು ಜಾಗ, ಸುತ್ತಲಿನ ಊರುಗಳ ಮಾಹಿತಿ, ಜೊತೆಗೆ ಆ ಊರಿನವರೇ ತಮ್ಮ ತರಕಾರಿ, ತಿಂಡಿ, ಕರಕುಶಲ ವಸ್ತುಗಳನ್ನು ಮಾರುವ ಅಂಗಡಿ. ಮೊದಲು 103 ಕಡೆ ಆರಂಭವಾದುದು ಈಗ ಸಾವಿರವನ್ನು ಮೀರಿದೆ. ನಮ್ಮ ಪುಣೆ-ಬೆಂಗಳೂರು ಹೆದ್ದಾರಿ ಶಿಗ್ಗಾಂವಿ ತಾಲೂಕನ್ನು ಸೀಳಿಕೊಂಡೇ ಹೋಗುತ್ತದೆ. ಬಂಕಾಪುರ ಚೌಕದ ಬಳಿ ಅಂಥದೊಂದು ನಿಲ್ದಾಣವಿದ್ದು, ಅಲ್ಲಿ ಸವಣೂರಿನ ಖಾರ, ಹಾನಗಲ್ಲಿನ ಮಾವು, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಸಿಗುವಂತಾದರೆ? ಅಲ್ಲಿಂದ ಬಾಡಕ್ಕೆ, ಶಿಶುನಾಳಕ್ಕೆ, ತಾರಕೇಶ್ವರಕ್ಕೆ, ಅಬಲೂರಿಗೆ ಗೊತ್ತಾದ ವೇಳೆಗೆ, ಗೊತ್ತಾದ ಬಾಡಿಗೆಗೆ ನಮ್ಮ ಟಂಟಂನವರೇ ಜನರನ್ನು ಕರೆದೊಯ್ದರೆ? ಇದು ಅರಮನೆ ಕಟ್ಟುವುದಕ್ಕಿಂತ ಕಡಿಮೆ ಖರ್ಚಿನ ಕೆಲಸ.

ನನ್ನ ಅಭಿಪ್ರಾಯವನ್ನು ಮೂರು ಮಾತುಗಳಲ್ಲಿ ಹೇಳಿ ಮುಗಿಸುತ್ತೇನೆ. ಹಳ್ಳಿಯ ಗುಡಿಯ ಮುಂದೆ, ಜಾತ್ರೆಯ ಬಯಲಲ್ಲಿ ದುಡಿಯುವವರ ಹೆಸರನ್ನು ಗ್ರಾಮ ಪಂಚಾಯತಿಯ ಪಟ್ಟಿಯಲ್ಲಿ ಬರೆಯಬೇಕು. ಹೆಸರಿಲ್ಲದವನಿಗೆ ಯಾವ ಯೋಜನೆಯೂ ತಲುಪದು. ಕಟ್ಟುವ ಪ್ರತಿಯೊಂದು ಕಟ್ಟಡದೊಂದಿಗೆ ಅದರ ನಿತ್ಯದ ಖರ್ಚಿಗೂ ಶಾಶ್ವತ ಆದಾಯ ಗೊತ್ತುಮಾಡಬೇಕು, ನಮ್ಮ ಶಾಸನಗಳು ಮಾಡಿದಂತೆ. ಬಂದವನು ಒಂದು ರಾತ್ರಿ ನಿಲ್ಲುವುದಕ್ಕೆ ಬೇಕಾದ ನೀರು, ಶೌಚ, ಬೆಳಕು, ಬಸ್ಸು ಇವನ್ನು ಸರಕಾರ ಒದಗಿಸಬೇಕು. ಅನ್ನ, ಆದರ, ಕತೆ ಇವನ್ನು ನಮ್ಮ ಜನರು ಒದಗಿಸಬಲ್ಲರು.

ನನ್ನ ವಿದ್ಯಾರ್ಥಿಗಳಲ್ಲಿ ಈಗ ತಾಲೂಕು ಕಚೇರಿಯಲ್ಲಿರುವವರಿದ್ದೀರಿ, ಬ್ಯಾಂಕಿನಲ್ಲಿರುವವರಿದ್ದೀರಿ, ಪಂಚಾಯತಿಯ ಸದಸ್ಯರಾದವರೂ ಇದ್ದೀರಿ. ಮೊದಲ ಕೆಲಸವಂತೂ ನಿಮ್ಮ ಕೈಯಳತೆಯಲ್ಲಿಯೇ ಇದೆ. ಮುಂದಿನ ಜಾತ್ರೆಗೆ ಹೋದಾಗ ಅಂಗಡಿಗಳ ನೆಲಬಾಡಿಗೆ ವಸೂಲು ಮಾಡುವ ಚೀಟಿಪುಸ್ತಕದ ಜೊತೆಗೆ ಒಂದು ನೋಟುಬುಕ್ಕನ್ನೂ ಒಯ್ಯಿರಿ. ದೂರದಲ್ಲಿರುವವರು ಈ ಸಲ ಊರಿಗೆ ಬಂದಾಗ ಮಕ್ಕಳನ್ನು ಕರೆದುಕೊಂಡು ಒಂದು ರಾತ್ರಿ ಹಾನಗಲ್ಲಿನಲ್ಲಿ ತಂಗಿರಿ, ಖಾನಾವಳಿಯಲ್ಲಿ ಉಣ್ಣಿರಿ, ಚೌಕಾಶಿ ಮಾಡದೆ ಬಳೆ ಕೊಳ್ಳಿರಿ. ಎಲ್ಲರಿಗೂ ಒಳ್ಳೆಯದಾಗಲಿ.